ನಡುಮನೆಯ ಸಮುದ್ರ ಕಾಯುವ ಹುಲುಗಮ್ಮ

ಆದೋನಿಯ ಹತ್ತಿ ಗಿರಣಿಯ ಮೊದಲ ಕೂಗಿಗೆ ಇನ್ನೂ ಹೊತ್ತಿದೆ. ಕೋಟೆಗುಡ್ಡದ ನೆತ್ತಿ ಆಗಷ್ಟೇ ಬೆಳ್ಳಗಾಗುತ್ತಿದೆ. ಹತ್ತಿ ವ್ಯಾಪಾರಿ ಮರಿಬಸಪ್ಪನವರ ನಡುಮನೆಯಲ್ಲಿ ಹುಲುಗಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಸೈಕಲ್ ಪಂಪು ಒತ್ತುತ್ತಿದ್ದಾಳೆ. ಪಂಪಿನ ಇನ್ನೊಂದು ತುದಿಯಲ್ಲಿ ಸೈಕಲ್ಲಿಲ್ಲ. ಲಾರಿಯ ಹಳೆಯ ಟ್ಯೂಬಿದೆ. ಟ್ಯೂಬಿನಿಂದ ಹೊರಟ ರಬ್ಬರ್ ನಳಿಗೆ ಗಾಜಿನ ತೊಟ್ಟಿಗೆ ಇಳಿದಿದೆ, ಅದರ ಬಾಯಿಗೊಂದು ಬೆತ್ತದ ತುಂಡು. ಬೆತ್ತದಿಂದ ಸಾಸಿವೆ ಕಾಳಿನಷ್ಟು ಸಣ್ಣ ಗುಳ್ಳೆಗಳು ಸಾಲುಗಟ್ಟಿ ಏಳುತ್ತಿವೆ. ತೊಟ್ಟಿಯಲ್ಲಿರುವುದು ಮದರಾಸಿನ ಸಮುದ್ರದ ನೀರು. ಅದರಲ್ಲಿ ಬಿಳಿ ಪಟ್ಟೆಯ ಎರಡು ಕಿತ್ತಳೆ ಮೀನು, ಒಂದಿಷ್ಟು ಹವಳದ ಕಲ್ಲು, ಕಲ್ಲಿಗೆ ಕಚ್ಚಿಕೊಂಡು ಬೆರಳು ಬೆರಳಾಗಿ ಅರಳುವ ಇನ್ನೊಂದೇನೋ. ಅದು ಹೂವೋ ಪ್ರಾಣಿಯೋ ಎಂಬುದು ಈ ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ.

"ನೂರಾ ಎಂಬತ್ತು ಸಲ ಒತ್ತಬೇಕ್ರಿ, ಮುಂಜಾನೆ ಅಷ್ಟು, ಸಂಜಿಗೆ ಅಷ್ಟು," ಎನ್ನುತ್ತಾಳೆ ಹುಲುಗಮ್ಮ, ಕೈ ನಿಲ್ಲಿಸದೆ. "ನೀರಾಗ ಹುಟ್ಟಿದ ಮೀನು, ನೀರಾಗ ಇರ್ತಾವ. ಅವಕ್ಕ ಗಾಳಿ ನಾನು ಹೊಡೀಬೇಕು. ಏಮೋಪ್ಪ, ನನಗಂತೂ ತಿಳಿವಲ್ದು."

ಪಂಪಿನ ಕೆಲಸ ಮುಗಿದರೆ ಬಿಂದಿಗೆಯ ಕೆಲಸ. ಗುಡ್ಡದ ಬುಡದ ಸಿಹಿನೀರ ಬಾವಿಗೆ ಅರವತ್ತಮೂರು ಮೆಟ್ಟಿಲು. ದಿನಕ್ಕೆ ಇಪ್ಪತ್ತೆರಡು ಬಿಂದಿಗೆ, ಹಬ್ಬ ಬಂದರೆ ಮೂವತ್ತು. ಐವತ್ತು ದಾಟಿದ ಹುಲುಗಮ್ಮ ಹದಿನೆಂಟು ವರ್ಷಗಳಿಂದ ಇದೇ ಮನೆಗೆ ನೀರು ಹೊರುತ್ತಿದ್ದಾಳೆ. ನೆತ್ತಿಯ ಮೇಲೆ ಬಿಂದಿಗೆಯಡಿಯ ಬಟ್ಟೆಯ ಸಿಂಬಿ ಕೂರುವ ಜಾಗದಲ್ಲಿ ಕೂದಲು ಹುಟ್ಟುವುದನ್ನೇ ಬಿಟ್ಟಿದೆ. ಗಂಡ ಬಾವಿ ತೋಡುವವನಾಗಿದ್ದ. ಆಸ್ಪರಿಯ ಕಡೆ ಮಣ್ಣು ಕುಸಿದು ಅದರೊಳಗೇ ಉಳಿದ. ಆ ಮಾತನ್ನು ಅವಳು ಒಂದೇ ಉಸಿರಿಗೆ ಹೇಳಿ ಮುಗಿಸುತ್ತಾಳೆ.

ಹುಟ್ಟಿದ್ದು ತುಂಗಭದ್ರೆಯ ದಂಡೆಯ ನಾಗಲದಿನ್ನೆಯಲ್ಲಿ, ಉಪ್ಪಾರರ ಮನೆಯಲ್ಲಿ. ಅಪ್ಪ ಯರ್ರೆಪ್ಪ ಸವಳು ಮಣ್ಣನ್ನು ಕೆರೆದು ತಂದು, ನೀರಲ್ಲಿ ಕಲಸಿ ಸೋಸಿ, ಆ ನೀರನ್ನು ಬಿಸಿಲಿಗಿಟ್ಟು ಉಪ್ಪು ಮಾಡುತ್ತಿದ್ದ. ಮನೆಯಲ್ಲಿ ಉಪ್ಪು ಮಾಡಕೂಡದೆಂದು ಸರ್ಕಾರಿ ಪೇದೆಗಳು ಬಂದು ಮಡಕೆ ಒಡೆಯುತ್ತಿದ್ದರು, ಹೋದ ಮೇಲೆ ಅಪ್ಪ ಹೊಸ ಮಡಕೆ ತರುತ್ತಿದ್ದ. ಕೊನೆಗೆ ಅಂಗಡಿಯ ಬಿಳಿ ಉಪ್ಪು ಬಂದು ಆ ಕಸುಬೇ ಹೋಯಿತು. ನೀರನ್ನು ನಾಲಿಗೆಗೆ ಹಚ್ಚಿ ಇನ್ನೆಷ್ಟು ಬಿಸಿಲು ಬೇಕೆಂದು ಹೇಳುವ ಕಲೆ ಮಾತ್ರ ಮಗಳಿಗೆ ಉಳಿಯಿತು. ಬಿಂದಿಗೆ ಹೊರುವವಳಿಗೆ ಅದರಿಂದ ಉಪಯೋಗವೇನೂ ಇರಲಿಲ್ಲ, ಈ ತೊಟ್ಟಿ ಬರುವವರೆಗೆ.

ತೊಟ್ಟಿ ಬಂದದ್ದು ಮಾಘದಲ್ಲಿ. ಮರಿಬಸಪ್ಪ ವ್ಯಾಪಾರಕ್ಕೆ ಮದರಾಸಿಗೆ ಹೋದವರು ಅಲ್ಲಿ ಯಾರದೋ ಬಂಗಲೆಯಲ್ಲಿ ಸಮುದ್ರದ ಮೀನು ಕಂಡು ಮರುಳಾಗಿ, ನಾಲ್ಕು ಮೀನು, ಹವಳದ ಕಲ್ಲು, ಬುಟ್ಟಿಯೊಳಗೆ ಹುಲ್ಲು ಹಾಸಿ ಕೂರಿಸಿದ ಎಂಟು ಗಾಜಿನ ಜಾಡಿ ನೀರು, ಇಂಗ್ಲಿಷಿನಲ್ಲಿ ಬರೆದ ಒಂದು ಹಾಳೆ, ಇಷ್ಟನ್ನೂ ಬೊಂಬಾಯಿ ಮೇಲ್ ರೈಲಿಗೆ ಹಾಕಿಸಿ ತಂದರು. ಆರು ಜಾಡಿಗೆ ತೊಟ್ಟಿ ತುಂಬಿತು, ಎರಡು ಉಳಿದವು. ಲಿಂಗ ಕಟ್ಟಿದ ಮನೆಯಲ್ಲಿ ಮೀನು ಏಕೆಂದು ಅವರ ಹೆಂಡತಿ ಪಂಪಮ್ಮ ಕೇಳಿದರು. ತಿನ್ನುವುದಕ್ಕಲ್ಲ, ನೋಡುವುದಕ್ಕೆ ಎಂದರು ಇವರು. ಅವು ಏನು ತಿನ್ನುತ್ತವೆ ಎಂದು ಪಂಪಮ್ಮ ಮತ್ತೆ ಕೇಳಿದರು. ಇವರು ಅನ್ನ ಹಾಕಿದರು, ಮೀನು ಮೂಸಲಿಲ್ಲ. ಹುಲುಗಮ್ಮ ದನದ ಬಾನಿಯಿಂದ ಸೊಳ್ಳೆಮರಿಗಳನ್ನು ಬಟ್ಟೆಯಲ್ಲಿ ಸೋಸಿ ತಂದು ಹಾಕಿದಾಗ ನಾಲ್ಕೂ ಬಾಯಿ ತೆರೆದವು. ಹುಳವೂ ಜೀವವಲ್ಲವೇ ಎಂದು ಪಂಪಮ್ಮ ಎರಡು ದಿನ ಗಂಡನೊಡನೆ ಮಾತು ಬಿಟ್ಟರು. ಮೂರನೆಯ ದಿನ ತಾವೇ ಬಂದು ಕೇಳಿದರು: "ಹುಲುಗಿ, ಆ ಸಣ್ಣದಕ್ಕ ಸಿಕ್ಕಿತೇನ ಊಟ?"

ಚೈತ್ರದ ಬಿಸಿಲು ಬಿದ್ದ ಮೇಲೆ ಕೆಟ್ಟ ದಿನಗಳು ಶುರುವಾದವು. ತೊಟ್ಟಿಯ ನೀರು ದಿನಕ್ಕೊಂದು ಬೆರಳು ಇಳಿಯತೊಡಗಿತು. ನೀರು ಇಳಿದಷ್ಟೂ ತುಂಬಿಸುತ್ತಿರಿ ಎಂದು ಹಾಳೆ ಹೇಳುತ್ತಿತ್ತು, ಯಾವ ನೀರೆಂದು ಹೇಳುತ್ತಿರಲಿಲ್ಲ. ಸಮುದ್ರದ ಮೀನಿಗೆ ಸಮುದ್ರದ ನೀರೇ ಸರಿ ಎಂದು ಮರಿಬಸಪ್ಪ ಏಳನೆಯ ಜಾಡಿಯನ್ನು ಸ್ವಲ್ಪ ಸ್ವಲ್ಪವಾಗಿ ಸುರಿದರು. ಅದು ತೀರುವಾಗ ಒಂದು ಮೀನು ತೇಲಿತು. ಇನ್ನೆಂಟು ದಿನಕ್ಕೆ ಇನ್ನೊಂದು. ಅರಳುವ ಹೂವು ಒದ್ದೆ ಬಟ್ಟೆಯ ಮುದ್ದೆಯಂತೆ ಕುಗ್ಗಿ ಕೂತಿತು. ತಪ್ಪು ಎಲ್ಲಿದೆಯೆಂದು ತಿಳಿಯದ ಮನೆಯಲ್ಲಿ ತಪ್ಪು ಬೇಗ ಒಬ್ಬರ ಹೆಗಲೇರುತ್ತದೆ. ಹುಲುಗಮ್ಮನ ಒದ್ದೆ ಕೈಯಿಂದ ಬಾವಿನೀರು ತೊಟ್ಟಿಗೆ ಸಿಡಿಯುತ್ತಿದೆ ಎಂದಾಯಿತು. ಇನ್ನು ತೊಟ್ಟಿ, ಪಂಪು ಮುಟ್ಟಬೇಡ, ಉಳಿದೆರಡೂ ಸತ್ತರೆ ಬಿಂದಿಗೆಗೆ ಬೇರೆಯವರನ್ನು ನೋಡುತ್ತೇವೆ ಎಂದು ಮರಿಬಸಪ್ಪ ಮುಖ ನೋಡದೆ ಹೇಳಿದರು.

ಮರುದಿನ ಬೆಳಿಗ್ಗೆ ಅವರು ಎಂಟನೆಯ ಜಾಡಿಯ ಬಿರಡೆಗೆ ಕೈ ಹಾಕಿದ್ದಾಗ ಹುಲುಗಮ್ಮ ತೊಟ್ಟಿಗೆ ಬೆರಳದ್ದಿ ನಾಲಿಗೆಗೆ ಹಚ್ಚಿಕೊಂಡಳು. ಮುಖ ಕಿವುಚಿತು. ಅಪ್ಪನ ಮಡಕೆಯ ಮೂರನೆಯ ದಿನದ ಬಿಸಿಲು ಅವಳ ಬಾಯಲ್ಲಿತ್ತು.

"ಸಾವ್ಕಾರ್ರೀ, ಬಿಸಲು ನೀರು ಒಯ್ದೈತಿ, ಉಪ್ಪು ಇಲ್ಲೇ ಬಿಟ್ಟೈತಿ. ನೀವು ಉಪ್ಪಿನ ಮ್ಯಾಲೆ ಉಪ್ಪು ಹಾಕಾಕತ್ತೀರಿ. ಇದಕ್ಕ ಸಿಹಿನೀರು ಬೇಕು."

"ಸಮುದ್ರದ ಮೀನಿಗೆ ಬಾವಿನೀರು ಹಾಕಂತಿ? ಸತ್ತರ?"

"ಸತ್ತರ ಬಿಂದಿಗಿ ಇಲ್ಲೇ ಬೋರಲು ಹಾಕಿ ಹೋಗ್ತೀನ್ರಿ."

ಹಾಗೆಂದಳಾದರೂ ಅವಳಿಗೂ ಖಾತ್ರಿಯಿರಲಿಲ್ಲ. ಅಪ್ಪನ ಮಡಕೆಯಲ್ಲಿ ಜೀವವಿರುವುದು ಯಾವುದೂ ಇರಲಿಲ್ಲ. ನೀರು ಆರಿಸಿ ಉಪ್ಪು ಮಾಡುವುದು ಅವಳಿಗೆ ಗೊತ್ತು. ಉಪ್ಪಿನೊಳಗೆ ಜೀವ ಉಳಿಸುವುದು ಯಾರಿಗೆ ಗೊತ್ತು?

ನಾಲಿಗೆಯ ಮಾತನ್ನು ಮರಿಬಸಪ್ಪ ನಂಬಲಿಲ್ಲ. ಹುಲುಗಮ್ಮನ ಅಪ್ಪ ಉಪ್ಪುನೀರಿನ ಗಟ್ಟಿತನ ನೋಡಲು ಕೋಳಿಮೊಟ್ಟೆ ತೇಲಿಸುತ್ತಿದ್ದ. ನೀರು ಗಟ್ಟಿಯಾದಷ್ಟೂ ಮೊಟ್ಟೆ ಮೇಲೆ ನಿಲ್ಲುತ್ತದೆ. ಅದನ್ನು ಹೇಳಿದ್ದೇ ತಡ, ಮೀನು ಬಂತು, ಹುಳ ಬಂತು, ಇನ್ನು ಮೊಟ್ಟೆಯೊಂದು ಬಾಕಿ ಎಂದು ಪಂಪಮ್ಮ ಒಳಗಿನಿಂದಲೇ ಸಿಡುಕಿದರು. ಮೊಟ್ಟೆ ಸಿಗದ ದಿನ ಅಪ್ಪ ಮಾಡುತ್ತಿದ್ದ ಉಪಾಯವನ್ನೇ ಹುಲುಗಮ್ಮ ಮಾಡಿದಳು. ಜೋಳದ ದಂಟಿನ ಬೆಂಡಿಗೆ ಮೇಣ ಸವರಿ, ಬುಡಕ್ಕೆ ಮೊಳೆ ಚುಚ್ಚಿ, ತಲೆಗೆ ಕಸಬರಿಗೆಯ ಕಡ್ಡಿ ಸಿಕ್ಕಿಸಿದಳು. ಎಂಟನೆಯ ಜಾಡಿಯ ನೀರನ್ನು ತೊಳೆದ ಉಪ್ಪಿನಕಾಯಿ ಭರಣಿಗೆ ಬಗ್ಗಿಸಿ ಅದನ್ನು ತೇಲಿಬಿಟ್ಟು, ನೀರು ಮುಟ್ಟಿದಲ್ಲಿ ಕಡ್ಡಿಗೆ ಕೆಂಪು ನೂಲು ಸುತ್ತಿದಳು. ಆಮೇಲೆ ತೊಟ್ಟಿಗೆ ಬಿಟ್ಟಳು. ನೂಲು ನೀರಿನಿಂದ ಎರಡು ಬೆರಳು ಮೇಲೆ ನಿಂತಿತು.

ಮರಿಬಸಪ್ಪ ಭರಣಿಯನ್ನೊಮ್ಮೆ ತೊಟ್ಟಿಯನ್ನೊಮ್ಮೆ ನೋಡಿದರು. ಎರಡೂ ಒಂದೇ ಸಮುದ್ರದ ನೀರು. ಹಾಕು ಎಂದು ಕೈಸನ್ನೆ ಮಾಡಿದರು.

ಒಮ್ಮೆಲೇ ಸುರಿಯಲಿಲ್ಲ ಹುಲುಗಮ್ಮ. ಮೊದಲು ಗಟ್ಟಿಯಾಗಿದ್ದ ನೀರಲ್ಲಿ ಒಂದಷ್ಟನ್ನು ತೆಗೆದು, ಹೊತ್ತಿಗೊಂದು ಚೊಂಬಿನಂತೆ ಬಾವಿನೀರನ್ನು ಗಾಜಿನ ಅಂಚಿಗೆ ಇಳಿಬಿಟ್ಟಳು. ಮೊದಲ ದಿನ ಮೀನುಗಳು ಮೂಲೆ ಬಿಟ್ಟು ಕದಲಲಿಲ್ಲ. ಅವಳು ಮನೆಗೆ ಹೋಗುವಾಗ ಬಿಂದಿಗೆಯನ್ನು ತಿಕ್ಕಿ ಬೋರಲು ಹಾಕಿಯೇ ಹೋದಳು. ಎರಡನೆಯ ದಿನ ಒಂದು ಮೀನು ಸೊಳ್ಳೆಮರಿ ಹಿಡಿಯಿತು. ನಾಲ್ಕನೆಯ ಬೆಳಿಗ್ಗೆ ನೂಲು ನೀರಿಗೆ ತಾಗಿತು, ಮುದ್ದೆಯಾಗಿದ್ದ ಹೂವು ಒಂದೊಂದೇ ಬೆರಳು ಬಿಚ್ಚಿತು. ಪಂಪಮ್ಮ ಬಾಗಿಲಲ್ಲಿ ನಿಂತು ನೋಡಿ, ಹುಲುಗಮ್ಮನನ್ನು ಕೂರಿಸಿ ಬಿಸಿ ರೊಟ್ಟಿ ಹಾಕಿದರು. ಮರಿಬಸಪ್ಪ ಪಂಪನ್ನು ತಂದು ಅವಳ ಮುಂದಿಟ್ಟರು.

ಈಗ ಶ್ರಾವಣ. ತೊಟ್ಟಿಯಲ್ಲಿ ಎರಡೂ ಮೀನು ಚೆನ್ನಾಗಿವೆ. ಪಂಪು ಮುಗಿಸಿದ ಹುಲುಗಮ್ಮ ಕಡ್ಡಿಯನ್ನು ತೇಲಿಬಿಟ್ಟು, ಕಣ್ಣನ್ನು ನೀರಿನ ಸಮಕ್ಕೆ ತಂದು ನೂಲು ನೋಡುತ್ತಾಳೆ. ಅರ್ಧ ಚೊಂಬು ಹಾಕುತ್ತಾಳೆ. ಮತ್ತೆ ನೋಡುತ್ತಾಳೆ. ಸಮುದ್ರವನ್ನು ಅವಳು ಕಂಡಿಲ್ಲ. ಮಂತ್ರಾಲಯ ದಾಟಿ ಆಚೆ ಹೋದವಳಲ್ಲ. ಏನಾದರೂ ಆಸೆ ಇದೆಯೇ ಎಂದರೆ ಮೊದಲು ನಗುತ್ತಾಳೆ. ಆಮೇಲೆ ಕಡ್ಡಿಯನ್ನು ಸೆರಗಿನಲ್ಲಿ ಒರೆಸುತ್ತಾ ಹೇಳುತ್ತಾಳೆ:

"ನಮ್ಮೂರ ಹೊಳಿ ವರ್ಸಾ ವರ್ಸಾ ಸಿಹಿನೀರು ಒಯ್ದು ಸಮುದ್ರದಾಗ ಸುರೀತೈತಂತ. ಬಿಸಲು ಅಲ್ಲಿಂದ ನೀರು ಒಯ್ತೈತಿ. ಹಂಗಾದರೂ ಉಪ್ಪು ಹೆಚ್ಚೂ ಆಗಂಗಿಲ್ಲ, ಕಮ್ಮೀನೂ ಆಗಂಗಿಲ್ಲ ಅಂತಾರ. ಅದ್ಹೆಂಗ ಅಂತ ನನಗ ತಿಳಿವಲ್ದು. ಅಲ್ಲೂ ಯಾರೋ ದಿನಾ ಮುಂಜಾನೆ ಎದ್ದು ನೂಲು ನೋಡ್ತಿರಬೇಕು. ಒಂದು ಸಲ ಹೋಗಿ ನನ್ನ ಕಡ್ಡಿ ಅದರಾಗ ಬಿಟ್ಟು ನೋಡಬೇಕ್ರಿ. ನೂಲು ಸರಿ ಕಟ್ಟೀನೋ ಇಲ್ಲೋ, ಅಷ್ಟು ತಿಳಿದರ ಸಾಕು."