ಓದದೆ ಹಾಕಿದ ಸಹಿ

ಆ ಶುಕ್ರವಾರವೂ ದೋಹಾದ ಅಲ್ ಮುಂತಜಾದ ನಮ್ಮ ಫ್ಲಾಟಿನ ಹಿರಿಯ ರೂಮ್‌ಮೇಟ್ ಕನ್ನಡಕ ಹಣೆಗೇರಿಸಿ, ಸಹಿಯ ಹಾಳೆ ಹಿಡಿದು ಬಂದರು. ಅಮೆರಿಕದ ಒಂದು ರಾಜ್ಯದಲ್ಲಿ ರೈಲು ಕಂಪನಿಯ ದರ್ಬಾರಿಗೆ ರೋಸಿದ ಜನ, ಸಹಿ ಸಂಗ್ರಹಿಸಿ ತಾವೇ ಕಾನೂನನ್ನು ಮತಕ್ಕೆ ಹಾಕುವ ಹಕ್ಕು ಗಳಿಸಿದ ಚರಿತ್ರೆ ಅವರಿಗೆ ಬಾಯಿಪಾಠ. ಕತಾರಿನಲ್ಲಿ ಮತವಿಲ್ಲದ ನಾವು ಆರು ಜನ ಅದನ್ನೇ ಪಾಲಿಸುತ್ತಿದ್ದೆವು: ಮೂರು ಸಹಿ ಬಿದ್ದರೆ ಗುಪ್ತ ಮತದಾನ.

"ಓದಿ ಸಹಿ ಹಾಕು ಮಾರಾಯ," ಎಂದರು, ಎಂದಿನಂತೆ. ನಾನೂ ಎಂದಿನಂತೆ ಓದದೆ ಹಾಕಿದೆ. ಶುಕ್ರವಾರ ಮೀನುಸಾರು ಮಾಡುವ ಕೆಲಸದಿಂದ ನನ್ನನ್ನು ಇಳಿಸುವ ಮನವಿಗೆ ಮೂರನೇ ಸಹಿ ನನ್ನದೇ ಆಯಿತು.

"ಖಲಾಸ್! ನೀನಿನ್ನು ಪಾತ್ರೆ ತೊಳಿ," ಎಂದು ನಕ್ಕರು.

ಅಂದೇ ರಾತ್ರಿ ನಡೆದ ಮತದಾನದಲ್ಲಿ ನಾಲ್ಕಕ್ಕೆ ಎರಡರಿಂದ ಸೋತ ನಾನು ಮುನಿಸಿಕೊಂಡು ಮಲಗಿದೆ. ಮರುದಿನ ರಾಸ್ ಲಫಾನಿನ ಗ್ಯಾಸ್ ಸ್ಥಾವರದ ಪಾಳಿಯಲ್ಲಿ ಅವರ ಹೃದಯ ನಿಂತಿತು.

ನನ್ನ ಪರ ಬಿದ್ದ ಎರಡರಲ್ಲಿ ಒಂದು ನನ್ನ ಮತ. ಇನ್ನೊಂದು ತಮ್ಮದಲ್ಲವೆಂದು ಉಳಿದ ನಾಲ್ವರೂ ಹೇಳುತ್ತಾರೆ. ಕೇಳೋಣವೆಂದರೆ ಹಾಳೆ ತಂದವರೇ ಇಲ್ಲ.