ಉಡಿ ಅಕ್ಕಿ ಮತ್ತು ಇಂಗ್ಲೆಂಡಿನ ಚಿಕ್ಕಮ್ಮಂದಿರು

ನನ್ನ ಮೊಮ್ಮಗಳು ಇಂಗ್ಲಿಷಿನಲ್ಲಿ ಎಂ.ಎ. ಓದುತ್ತಿದ್ದಾಳೆ. ಫೋನಿನಲ್ಲಿ ಕನ್ನಡ ಟೈಪ್ ಮಾಡಲು ನನಗೆ ಕಲಿಸಿದವಳು ಅವಳೇ. ಅದಕ್ಕೆ ಬದಲಾಗಿ ಅವಳು ಬಾಯಲ್ಲಿ ಹೇಳಿದ್ದನ್ನು ನಾನು ಟೈಪ್ ಮಾಡಿಕೊಡಬೇಕು ಎಂದು ನಮ್ಮಿಬ್ಬರ ಕರಾರು. ಇಂಗ್ಲೆಂಡಿನ ಹಳೆಯ ಕಾದಂಬರಿಗಳಲ್ಲಿ ಹೆಣ್ಣುಮಕ್ಕಳ ಪಾಡು ಏನಿತ್ತು ಎಂಬುದರ ಮೇಲೆ ಅವಳ ಪ್ರಬಂಧ. ಮೊದಲು ಒಮ್ಮೆ ಕನ್ನಡದಲ್ಲಿ ಹೇಳಿಕೊಂಡರೆ ತಲೆ ತಿಳಿಯಾಗುತ್ತದಂತೆ. ನನ್ನ ಹೆಬ್ಬೆರಳು ಅರವತ್ತು ವರ್ಷ ರೊಟ್ಟಿ ಬಡಿದು ಅಗಲವಾಗಿದೆ, ಒಂದು ಅಕ್ಷರ ಒತ್ತಿದರೆ ಮೂರು ಬೀಳುತ್ತವೆ. ಆದರೂ ಅವಳು ಹೇಳಿದ್ದರಲ್ಲಿ ಬಹಳಷ್ಟು ನನ್ನ ಫೋನಿನಲ್ಲಿದೆ. ಈಗಲೂ ಅದನ್ನು ತೆರೆದು ಓದುತ್ತೇನೆ.

ನಮ್ಮ ಮನೆ ವಾಡಿಯಲ್ಲಿ, ಸುಣ್ಣದ ಕಲ್ಲಿನ ಗಣಿಯಿಂದ ಬಹಳ ದೂರವಿಲ್ಲ. ಮಧ್ಯಾಹ್ನ ಗಣಿಯಲ್ಲಿ ಸಿಡಿಮದ್ದು ಹಾರಿಸುವ ಮುಂಚೆ ಸೈರನ್ ಕೂಗುತ್ತದೆ. ಕೂಗು ನಿಂತ ಮೇಲೆ ಸ್ವಲ್ಪ ಹೊತ್ತು ಏನೂ ಇರುವುದಿಲ್ಲ. ಆಮೇಲೆ ನೆಲ ಒಮ್ಮೆ ನಡುಗಿ, ಅಡುಗೆಮನೆಯ ಸ್ಟೀಲಿನ ತಟ್ಟೆಗಳು ಗಲಗಲ ಅನ್ನುತ್ತವೆ. ಇಲ್ಲಿಗೆ ಸೊಸೆಯಾಗಿ ಬಂದ ಹೊಸದರಲ್ಲಿ ನಾನು ಸಿಡಿತಕ್ಕೆ ಹೆದರುತ್ತಿದ್ದೆ. ವಯಸ್ಸಾದಂತೆ ಆ ನಡುವಿನ ಸುಮ್ಮನಿರುವ ಹೊತ್ತಿಗೇ ಹೆಚ್ಚು ಹೆದರಿಕೆ.

ಒಂದು ದಿನ ಮೊಮ್ಮಗಳು ಹೇಳುತ್ತಿದ್ದಳು, ನಾನು ಒತ್ತುತ್ತಿದ್ದೆ.

"ಆ ಪುಸ್ತಕದಾಗ ಯಾರೂ ಹುಡುಗಿನ್ನ ಹೊಡೆಯಲ್ಲ ಆಯಿ. ಬೈಯೋದು ಸುದ್ದಾ ಇಲ್ಲ. ಎಲ್ಲಾರೂ ಭಾಳ ಚಂದ ಮಾತಾಡ್ತಾರ, ಚಾ ಕುಡೀತಾರ, ಹವಾ ಹ್ಯಾಂಗದ ಅಂತ ಕೇಳ್ತಾರ. ಚಾ ಮುಗಿಯೋದ್ರಾಗ ಆ ಹುಡುಗಿ ಜನ್ಮ ಮುಗಿದಿರ್ತದ."

"ಹಂಗಂದ್ರ ಚಾದಾಗೇನು ಇಷಾ ಹಾಕ್ತಾರೇನ?"

"ಇಷಾ ಬ್ಯಾಡ ಬಿಡು, ಸಕ್ಕರೀನೇ ಸಾಕಾಗ್ತದ. ಇನ್ನೊಂದು ಬರ್ಕೊ. ಮನಿ, ಹೊಲ ಯಾರ ಹೆಸರಿಗೆ ಅಂತ ಗಂಡಸರು ಕಾಯ್ದೆ ಮಾಡಿಟ್ಟಿರ್ತಾರ. ಆದ್ರ ಹುಡುಗಿ ಕೈ ಹಿಡ್ದು ಒಳಗ ಕರ್ಕೊಂಡು ಹೋಗಿ ಕುಂದ್ರಸಾಕಿ ಒಬ್ಬಾಕಿ ಚಿಕ್ಕಮ್ಮ ಇರ್ತಾಳ. ಇಲ್ಲಾಂದ್ರ ಒಬ್ಬಾಕಿ ಮುದುಕಿ."

"ಮುದುಕಿ ಸುದ್ದಿಗೆ ಬರಬ್ಯಾಡ. ಟೈಪಿಂಗ್ ಬಂದ್ ಮಾಡ್ತೀನಿ ನೋಡು."

ಇಬ್ಬರೂ ನಕ್ಕೆವು. ಮುದುಕಿಯ ಆ ವಾಕ್ಯವನ್ನು ನಾನೇ ಟೈಪ್ ಮಾಡಿದ್ದೇನೆ.

ಆ ವಾರ ಮನೆಗೆ ಚಹಾದ ಹೊಸ ಕಪ್ಪು-ಬಸಿ ಬಂದವು, ಆರು ಜೊತೆ, ಅಂಚಿಗೆ ಬಂಗಾರದ ಗೆರೆ. ತಂದವನು ನನ್ನ ಮಗ, ಅಂದರೆ ಹುಡುಗಿಯ ಅಪ್ಪ. ಲಾರಿ ಆಫೀಸಿನಲ್ಲಿ ಗುಮಾಸ್ತನಾಗಿರುವ ಅವನು ಮನೆಗೆ ಉಪ್ಪು ತಂದರೂ ಹತ್ತು ಸಲ ಹೇಳಿಕೊಳ್ಳುವ ಮನುಷ್ಯ. ಕಪ್ಪುಗಳನ್ನು ಮಾತ್ರ ಒಂದೂ ಮಾತಿಲ್ಲದೆ ಶೆಲ್ಫಿನ ಮೇಲೆ ಇಟ್ಟು ಹೋದ. ಮರುದಿನ ಬೆಳಿಗ್ಗೆ ಸೊಸೆ ಮಗಳಿಗೆ, "ಇವತ್ತ ಕಾಲೇಜಿಗಿ ಹೋಗಬ್ಯಾಡವ್ವ, ಬಿಸಿಲು ಭಾಳದ" ಅಂದಳು. ಈ ಹುಡುಗಿ ಎರಡು ವರ್ಷದಿಂದ ದಿನವೂ ರೈಲಿನಲ್ಲಿ ಕಲಬುರಗಿಗೆ ಹೋಗಿ ಬರುತ್ತಾಳೆ. ನಮ್ಮ ಊರಿನಲ್ಲಿ ಬಿಸಿಲು ಯಾವಾಗ ಕಡಿಮೆ ಇತ್ತು?

ಹನ್ನೊಂದರ ಸುಮಾರಿಗೆ ಭಂಕೂರಿನಿಂದ ಇಬ್ಬರು ಹೆಣ್ಣುಮಕ್ಕಳು ಬಂದರು. ಒಬ್ಬಳು ನನಗಿಂತ ನಾಲ್ಕೈದು ವರ್ಷ ಚಿಕ್ಕವಳು, ಕುತ್ತಿಗೆ ತುಂಬ ಬಂಗಾರದ ಗುಂಡಿನ ಸರ. ಇನ್ನೊಬ್ಬಳು ಅವಳ ಸೊಸೆ. ಅವರದು ನೆಲಕ್ಕೆ ಹಾಸುವ ಫರಸಿ ಕಲ್ಲು ಪಾಲಿಶ್ ಮಾಡುವ ಮನೆತನ. ಚಿತ್ತಾಪುರದ ಕಡೆಯ ನನ್ನ ತವರಿಗೆ ಏನೋ ದೂರದ ಸಂಬಂಧ ಹೇಳಿ, "ಅಕ್ಕೋರನ್ನ ನೋಡ್ಕೊಂಡು ಹೋಗಾಮಂತ ಬಂದೇವ್ರಿ" ಅಂದರು. ನನ್ನನ್ನು ನೋಡಲು ಯಾರೂ ಬರದೆ ಎಷ್ಟು ಕಾಲವಾಗಿತ್ತೋ! ಮಂಚದ ಮೇಲೆ ನೆಟ್ಟಗೆ ಕುಳಿತುಕೊಂಡೆ.

ಮೊಮ್ಮಗಳು ನೀರು ತಂದು ಕೊಟ್ಟಳು. ಭಂಕೂರಿನ ಹಿರಿಯವಳು ಮೊದಲು ಅವಳ ಪಾದ ನೋಡಿದಳು, ಆಮೇಲೆ ಮುಖ, ಆಮೇಲೆ ಕಿಟಕಿಯಲ್ಲಿದ್ದ ಪುಸ್ತಕ.

"ಎಷ್ಟು ದಪ್ಪ ಬುಕ್ಕದ ತಂಗಿ! ಏನದ ಅದ್ರಾಗ?"

"ಮದುವಿ ಅದರಿ."

"ಒಂದೇ ಮದುವಿಗಿ ಇಷ್ಟು ಬರದಾರ?"

"ಆಗೋತನಕ ಬರದಾರರಿ. ಆದ ಮ್ಯಾಲ ಏನೂ ಬರದಿಲ್ಲ."

ಭಂಕೂರಿನವಳು ನಕ್ಕಳು, ನಾನೂ ನಕ್ಕೆ. ನನ್ನ ಸೊಸೆ ನಗಲಿಲ್ಲ. ಹೊಸ ಕಪ್ಪಿನಲ್ಲಿ ಚಹಾ ಬಂತು, ಮಂಡಕ್ಕಿಯ ಸುಸಲಾ ಬಂತು, ಮಿರ್ಚಿ ಭಜಿ ಬಂತು. ಈ ಸಲ ಹವಾ ಬಹಳ ಬಿಸಿ ಎಂದು ಎಲ್ಲರೂ ಮಾತಾಡಿದೆವು.

ಉಡಿ ತುಂಬುವುದು ನಮ್ಮ ಕಡೆ ದಿನನಿತ್ಯದ ಮರ್ಯಾದೆ. ಬಂದ ಹೆಣ್ಣುಮಗಳು ಹೊರಡುವಾಗ ಮನೆಯವರು ಅವಳ ಸೆರಗಿಗೆ ಅಕ್ಕಿ, ಕುಪ್ಪಸದ ಖಣ ಹಾಕಿ ಕಳಿಸುತ್ತಾರೆ. ನನ್ನ ಸೊಸೆ ಅವರಿಬ್ಬರಿಗೂ ತುಂಬಿದಳು. ನಾನು ಮಂಚ ಬಿಟ್ಟು ಏಳಲಿಲ್ಲ. ಗಂಡ ಸತ್ತವಳು ಉಡಿಯ ಸಾಮಾನು ಮುಟ್ಟಬಾರದು. ಅಷ್ಟರಲ್ಲಿ ಭಂಕೂರಿನವಳು ತನ್ನ ಚೀಲದಿಂದ ಒಂದು ಗಂಟು ತೆಗೆದಳು. ಹಸಿರು ಖಣ, ಒಣ ಕೊಬ್ಬರಿ ಬಟ್ಟಲು, ಅರಿಶಿನದ ಕೊಂಬು, ಅಕ್ಕಿ.

"ನಮ್ಮ ಮನಸಿಗೂ ಒಂದು ಸಮಾಧಾನ ಆಗ್ಲಿ. ಹಿರ್ಯಾರು ನೀವು. ನೀವು ಹೂಂ ಅಂದ್ರ ಪೋರಿಗಿ ಒಂದು ಉಡಿ ತುಂಬ್ತೀನಿ."

ಆಗಲೇ ಸೈರನ್ ಕೂಗಿತು.

ಬಂದವರೇ ಮದುವೆಯಾಗದ ಹುಡುಗಿಗೆ ಉಡಿ ತುಂಬಿ ಬಾಯಿಗೆ ಸಕ್ಕರೆ ಹಾಕಿದರೆ ತಮ್ಮ ಮನೆಯ ಹುಡುಗನಿಗೆ ಗೊತ್ತು ಮಾಡಿಕೊಂಡಂತೆ ಎಂದು ನಮ್ಮ ಕಡೆಯ ಕೂಸಿಗೂ ಗೊತ್ತು. ನನಗೆ ಗೊತ್ತಿರಲಿಲ್ಲವೇ? ಈ ಪ್ರಶ್ನೆಯನ್ನು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಗಂಡ ಹೋದ ಮೇಲೆ ಹನ್ನೊಂದು ವರ್ಷ ಈ ಮನೆಯಲ್ಲಿ ಸಾರಿಗೆ ಹುಳಿ ಎಷ್ಟಿರಬೇಕು ಎಂದು ಕೂಡ ಯಾರೂ ನನ್ನನ್ನು ಕೇಳಿಲ್ಲ. ಆ ದಿನ ನಾಲ್ಕು ಜನರೆದುರು ಒಬ್ಬಳು ನನ್ನ ಹೂಂ ಕೇಳಿದಳು. ಎದೆ ಉಬ್ಬಿತು. ಮೊಮ್ಮಗಳು ನನ್ನನ್ನೇ ನೋಡುತ್ತಿದ್ದಳು.

"ವೇಲ್ ಒಡ್ಡವ್ವ, ಹಿರ್ಯಾರು ಕೊಡ್ಲಿಕತ್ತಾರ" ಅಂದೆ.

ಅವಳು ಒಡ್ಡಿದಳು. ಐದು ಬೊಗಸೆ ಅಕ್ಕಿ ಬಿತ್ತು. ಬಾಯಿಗೆ ಚಿಟಿಕೆ ಸಕ್ಕರೆ ಬಿತ್ತು. ಗಣಿ ಹಾರಿ ಬಂಗಾರದ ಗೆರೆಯ ಕಪ್ಪುಗಳೆಲ್ಲ ಬಸಿಯೊಳಗೆ ನಡುಗಿದವು.

ಅವರು ಹೋದ ಮೇಲೆ, ಸಂಜೆ ಕೆಲಸದಿಂದ ಬಂದ ಮಗ ಫೋನಿನಲ್ಲಿ ಯಾರಿಗೋ, "ಆಯ್ತು, ನಮ್ಮವ್ವನೇ ಹೂಂ ಅಂದಾಳ. ಹೌದು, ಈ ಬ್ಯಾಸಗ್ಯಾಗೇ ಮುಗಸಾಮ" ಎಂದು ಹೇಳುವುದು ಕೇಳಿಸಿತು. ಓದಿನ ವಿಷಯ ಕೇಳಿದೆ. "ಅವ್ರ ಮನ್ಯಾಗ ನೌಕರಿ ಮಾಡೋ ಸೊಸಿ ಬೇಕಿಲ್ಲವ್ವ. ಓದಿದ್ದಷ್ಟು ಸಾಕು" ಅಂದ. ಪ್ರಬಂಧ ಒಪ್ಪಿಸಲು ಇನ್ನು ಎರಡು ವಾರವೂ ಇರಲಿಲ್ಲ. ಅದನ್ನು ಕೊಡದಿದ್ದರೆ ಎರಡು ವರ್ಷದ ಓದು ನೀರಿಗೆ ಹಾಕಿದಂತೆ. ಟೀಚರ್ ಆಗಬೇಕೆಂದು ಆ ಹುಡುಗಿ ಎಂಟನೆಯ ಇಯತ್ತೆಯಿಂದ ಹೇಳುತ್ತಿದ್ದಳು.

ಉಡಿ ಅಕ್ಕಿಯನ್ನು ಐದನೆಯ ದಿನ ಬೆಲ್ಲ ಹಾಕಿ ಹುಗ್ಗಿ ಮಾಡಬೇಕು, ಹುಡುಗಿ ಮೊದಲ ತುತ್ತು ಉಣ್ಣಬೇಕು. ಅಲ್ಲಿಗೆ ಮಾತು ಗಟ್ಟಿ. ನನ್ನದೂ ಹೀಗೇ ಆಗಿತ್ತು. ಹದಿನಾಲ್ಕು ವರ್ಷದವಳು ನಾನು, ಹುಗ್ಗಿ ಬಹಳ ರುಚಿಯಾಗಿದೆ ಎಂದು ಎರಡು ಸಲ ಹಾಕಿಸಿಕೊಂಡು ಉಂಡಿದ್ದೆ. ಬಡಿಸಿದವಳು ನನ್ನ ಚಿಕ್ಕಮ್ಮ.

ಆ ಐದು ದಿನ ಮನೆಯಲ್ಲಿ ಯಾರೂ ದನಿ ಏರಿಸಲಿಲ್ಲ. ಅದೇ ನನಗೆ ತಡೆಯಲಾಗಲಿಲ್ಲ. ದಿನಾ ಮಗಳೊಡನೆ ಕಚ್ಚಾಡುತ್ತಿದ್ದ ಸೊಸೆ ಅವಳ ತಲೆಗೆ ಎಣ್ಣೆ ಹಚ್ಚಿದಳು. ಮಗ ದ್ರಾಕ್ಷಿ ತಂದ. ರೈಲಿನ ಪಾಸು ಮುಗಿದಿತ್ತು. "ಮುಂದಿನ ವಾರ ಮಾಡಸಾಮ ತಗೊ" ಅಂದ. ಕಿಟಕಿಯಲ್ಲಿದ್ದ ಪುಸ್ತಕಗಳು ಧೂಳು ಬೀಳುತ್ತದೆಂದು ಅಟ್ಟಕ್ಕೆ ಹೋದವು. ಹುಡುಗಿ ಅಳಲಿಲ್ಲ. ಒಮ್ಮೆ ಮಾತ್ರ ಅಪ್ಪನ ಮುಂದೆ ನಿಂತು "ನಾ ಒಲ್ಲೆ" ಅಂದಳು. ಅವನು ಬೈಯಲಿಲ್ಲ. "ನಿಮ್ಮ ಆಯಿ ಮಾತು ಕೊಟ್ಟಾಳವ್ವ, ನಾ ಏನ್ ಮಾಡ್ಲಿ?" ಎಂದು ನಕ್ಕ.

ನಾಲ್ಕನೆಯ ದಿನ ಸಂಜೆ ಅವಳು ನನ್ನ ಮಂಚಕ್ಕೆ ಬಂದಳು.

"ಫೋನ್ ತಗಿ ಆಯಿ. ಕಡೀದೊಂದು ಉಳದದ."

"ನನ್ನ ಮ್ಯಾಲ ಸಿಟ್ಟಿಲ್ಲೇನ ನಿಂಗ?"

"ಅದೇ ಹೇಳ್ಲಿಕತ್ತೀನಿ, ಬರ್ಕೊ. ಆ ಪುಸ್ತಕದಾಗಿನ ಚಿಕ್ಕಮ್ಮ ಕೆಟ್ಟಾಕಿ ಇರಲ್ಲ. ಆಕಿಗೂ ಹಿಂದಕ ಯಾರೋ ಹಿಂಗೇ ಕೈ ಹಿಡ್ದು ಕುಂದ್ರಸಿರ್ತಾರ. ಆಕಿಗಿ ಮನ್ಯಾಗ ಬೇರೆ ಏನೂ ಕೇಳಲ್ಲ, ಇದೊಂದು ಕೇಳ್ತಾರ. ಅದಕ್ಕ ಹೂಂ ಅಂತಾಳ."

ನನ್ನ ಹೆಬ್ಬೆರಳು ನಿಂತಿತು. "ನೀ ಬರೀಲಿಕ್ಕಿಲ್ಲಂದ್ರ ನಾ ಬರೀತೀನಿ ತಾ" ಅಂದಳು. ಕೊಡಲಿಲ್ಲ. ಒಂದೊಂದೇ ಅಕ್ಷರ ಒತ್ತಿ ಮುಗಿಸಿದೆ.

ಐದನೆಯ ದಿನ ಬೆಳಿಗ್ಗೆ ಸೊಸೆ ನಲ್ಲಿಯ ನೀರಿಗೆ ನಿಂತಿದ್ದಾಗ ದೇವರ ಗೂಡಿನ ಡಬ್ಬಿ ತೆರೆದೆ. ಹನ್ನೊಂದು ವರ್ಷದ ಮೇಲೆ ಉಡಿ ಅಕ್ಕಿ ಮುಟ್ಟಿದೆ. ಅಕ್ಕಿ, ಖಣ, ಕೊಬ್ಬರಿ ಎಲ್ಲ ಟವೆಲಿನಲ್ಲಿ ಕಟ್ಟಿ, ಹಲ್ಲು ನೋವು, ಡಾಕ್ಟರಿಗೆ ತೋರಿಸಬೇಕು ಎಂದು ಕೂಗಿ ಹೇಳಿ ಹೊರಬಿದ್ದೆ. ಬಾಯಲ್ಲಿರುವುದು ಒಂದೇ ಹಲ್ಲು, ಅದು ಗಟ್ಟಿಯಾಗಿದೆ. ಶಹಾಬಾದಿನವರೆಗೆ ರೈಲು, ಅಲ್ಲಿಂದ ಭಂಕೂರಿಗೆ ಆಟೋ.

ಅವರ ಅಂಗಳದಲ್ಲಿ ಪಾಲಿಶ್ ಮಷೀನು ಕಿರ್ರೆನ್ನುತ್ತಿತ್ತು. ಕಲ್ಲಿನ ಬಿಳಿ ರಾಡಿ ಬಾಗಿಲತನಕ ಹರಿದಿತ್ತು. ಭಂಕೂರಿನವಳು ನನ್ನ ಕೈಯ ಗಂಟು ನೋಡಿ ಮಷೀನು ನಿಲ್ಲಿಸಲು ಹೇಳಿದಳು. ಎಲ್ಲ ಒಮ್ಮೆಲೇ ಸುಮ್ಮನಾಯಿತು.

"ಏನ್ರಿ ಅಕ್ಕೋರೆ, ಇದು ನಿಮ್ಮ ಕೈಯಾಗ?"

"ನನ್ನ ಕೈಯಾಗೇ. ತಪ್ಪು ನಂದು, ಹೂಂ ಅಂದಾಕಿ ನಾ. ಹುಡುಗಿಗಿ ಮನಸಿಲ್ಲ, ಆಕಿ ಓದಬೇಕಾಗ್ಯಾದ. ವಾಪಸ್ ತಗೋರಿ."

"ಗಂಡ ಇಲ್ದಾಕಿ ಮುಟ್ಟಿದ ಅಕ್ಕಿ ನಾ ಹೊಳ್ಳಿ ಕಳಸಂಗಿಲ್ಲ. ಅದು ಗೊತ್ತಿದ್ದೇ ಬಂದೀರಿ, ಹೌದಿಲ್ಲೋ?"

"ಹೌದು. ಮುಂಡೆ ಆಗಿದ್ದಕ್ಕ ಒಮ್ಮೆರೆ ಉಪಯೋಗ ಆಗ್ಲಿ ಅಂತ."

ಅವಳು ನಗುತ್ತಾಳೆಂದುಕೊಂಡೆ. ನಗಲಿಲ್ಲ. ಗಂಟು ಬಿಚ್ಚಿ ಕೈಯಲ್ಲೇ ಅಳೆದಳು.

"ಐದು ಬೊಗಸಿ ಹಾಕಿದ್ದೆ. ಇದು ನಾಕೇ ಅದ." ನನ್ನ ಕಣ್ಣಲ್ಲಿ ಕಣ್ಣಿಟ್ಟು ಮೆಲ್ಲಗೆ ಹೇಳಿದಳು, "ನಿಮ್ಮ ಸೊಸಿ ನಿಮಗಿಂತ ಶಾಣ್ಯಾಕಿ ಇದ್ದಾಳ್ರಿ. ಲಗೂ ಮನಿಗಿ ಹೋಗ್ರಿ."

ತಿರುಗಿ ಬರುವ ರೈಲು ಶಹಾಬಾದಿನಲ್ಲೇ ತಡವಾಯಿತು. ಅಷ್ಟು ಹೊತ್ತೂ ಸೊಸೆ ಮೊದಲೇ ತೆಗೆದಿಟ್ಟ ಆ ಒಂದು ಬೊಗಸೆ ಅಕ್ಕಿ ಎಷ್ಟು ಬೇಗ ಬೇಯುತ್ತದೆ ಎಂಬುದೇ ನನ್ನ ತಲೆಯಲ್ಲಿ. ನಾನೇ ಎಷ್ಟು ಸಾವಿರ ಸಲ ಬೇಯಿಸಿದ್ದೇನೆ, ಗೊತ್ತಿಲ್ಲವೇ?

ವಾಡಿಯಲ್ಲಿ ಇಳಿದು ಓಣಿಯ ತಿರುವಿಗೆ ಬಂದಾಗ ಸೈರನ್ ಕೂಗುತ್ತಿತ್ತು. ಬಾಗಿಲಲ್ಲೇ ಬೆಲ್ಲದ, ಏಲಕ್ಕಿಯ ವಾಸನೆ. ಒಳಗೆ ಮೊಮ್ಮಗಳು ಮಣೆಯ ಮೇಲೆ ಕುಳಿತಿದ್ದಳು, ಹೊಸ ಸೀರೆ. ಮುಂದೆ ತಟ್ಟೆ, ತಟ್ಟೆಯಲ್ಲಿ ಹುಗ್ಗಿ, ಮೇಲೆ ತುಪ್ಪ. ಮಗ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ. ಸೊಸೆ ಮಗಳ ಭುಜ ಮೆಲ್ಲಗೆ ಸವರುತ್ತಾ, "ಒಂದು ತುತ್ತು ನಮ್ಮವ್ವ, ನನ ಸಲುವಾಗಿ" ಎನ್ನುತ್ತಿದ್ದಳು. ಹುಡುಗಿಯ ಕೈ ತಟ್ಟೆಯ ಅಂಚಿನಲ್ಲಿತ್ತು.

ಸೈರನ್ ನಿಂತಿತು.

ಚಪ್ಪಲಿ ಬಿಡಲಿಲ್ಲ, ಕಾಲು ತೊಳೆಯಲಿಲ್ಲ. ಹೋಗಿ ಮೊಮ್ಮಗಳ ಪಕ್ಕ ನೆಲಕ್ಕೆ ಕುಳಿತು, ತಟ್ಟೆ ನನ್ನ ಕಡೆ ಎಳೆದುಕೊಂಡು ಮೊದಲ ತುತ್ತು ಬಾಯಿಗಿಟ್ಟೆ. ಸುಟ್ಟಿತು. ಎರಡನೆಯದೂ ಇಟ್ಟೆ.

"ಅತ್ತೀ! ಮುಂ..." ಎಂದ ಸೊಸೆ ಬಾಯಿ ಮುಚ್ಚಿಕೊಂಡಳು.

"ಅನ್ನವ್ವ, ಪೂರಾ ಅನ್ನು. ಮುಂಡೆ ಉಂಡ ಹುಗ್ಗಿ ಇನ್ನ ಯಾರಿಗೂ ನಡಿಯಂಗಿಲ್ಲ. ಮೊದಲ ತುತ್ತು ನಾ ಉಂಡೀನಿ, ಭಂಕೂರಿಗಿ ನನ್ನೇ ಕೊಟ್ಟುಬಿಡ್ರಿ. ಪಾಲಿಶ್ ಮಷೀನ್ ನಡಸ್ತೀನಿ."

ಗಣಿ ಹಾರಿತು. ತಟ್ಟೆಗಳು ಗಲಗಲ ಅಂದವು. ನಾನು ತಟ್ಟೆ ಖಾಲಿಯಾಗುವ ತನಕ ಉಂಡೆ. ನನಗೆ ಶುಗರ್ ಇದೆ, ಸಂಜೆಗೆ ತಲೆ ತಿರುಗಿ ಮಲಗಿದೆ. ಹುಗ್ಗಿ ಮಾತ್ರ ಚೆನ್ನಾಗಿತ್ತು. ನನ್ನ ಸೊಸೆಯ ಕೈ ರುಚಿಗೆ ನಾನು ಎಂದೂ ಕುಂದು ಹೇಳಿಲ್ಲ.

ಭಂಕೂರಿನ ಮಾತು ಅಲ್ಲಿಗೇ ಮುರಿಯಿತು. ಮರುದಿನ ಮೊಮ್ಮಗಳು ಅಟ್ಟದಿಂದ ಪುಸ್ತಕಗಳನ್ನು ತಾನೇ ಇಳಿಸಿದಳು. ಪಾಸು ಮಾಡಿಸಲು ನಾನೂ ಜೊತೆಗೆ ಸ್ಟೇಷನ್ನಿಗೆ ಹೋದೆ. ಪ್ರಬಂಧ ಒಪ್ಪಿಸಿ ಬಂದ ದಿನ ಅವಳು ನನಗೆ ಅದರ ಕೊನೆಯ ಪುಟ ತೋರಿಸಿದಳು. ಇಂಗ್ಲಿಷ್ ನನಗೆ ಬಾರದು. ಬೆರಳಿಟ್ಟು, "ಇಲ್ಲಿ ಅದ ನೋಡು ನಿನ್ನ ಚಿಕ್ಕಮ್ಮ" ಅಂದಳು.

ಮಗ ನನ್ನೊಡನೆ ಇನ್ನೂ ಮಾತಾಡುತ್ತಿಲ್ಲ. ಊಟಕ್ಕೆ ಬಾ ಎಂದು ಸೊಸೆಯ ಮೂಲಕ ಹೇಳಿಸುತ್ತಾನೆ, ಬಹಳ ಮರ್ಯಾದೆಯಿಂದ. ಮೊನ್ನೆ ಸೇಡಂ ಕಡೆಯವರು ಯಾರೋ ಫೋನ್ ಮಾಡಿದ್ದರು. ಅವನು ಎದ್ದು ಹೊರಗೆ ಹೋಗಿ ಮಾತಾಡಿದ, ಏನು ಮಾತೋ ಕೇಳಿಸಲಿಲ್ಲ. ಬಂಗಾರದ ಗೆರೆಯ ಕಪ್ಪುಗಳನ್ನು ಸೊಸೆ ಇನ್ನೂ ಪೆಟ್ಟಿಗೆಗೆ ಹಾಕಿಲ್ಲ. ದಿನವೂ ಒರೆಸಿ ಅಲ್ಲೇ ಇಡುತ್ತಾಳೆ. ನಾನು ಮಂಚವನ್ನು ಅವುಗಳ ಎದುರಿಗೆ ಎಳೆಸಿಕೊಂಡಿದ್ದೇನೆ.