ಹಾರ್ಲನ್ ಟಿಡ್ವೆಲ್ ಪಾದ್ರಿಯ ಕೊನೆಯ ಪ್ರಸಂಗ

ಜಾರ್ಜಿಯಾದ ಹಾಲಿಸ್ ಫೋರ್ಡ್ ಎಂಬ ಹತ್ತಿಗಿರಣಿ ಊರಿನ ಬ್ಯಾಪ್ಟಿಸ್ಟ್ ಸಭೆಗೆ ಪಾದ್ರಿಯಾಗಿ ಬಂದಾಗ ಹಾರ್ಲನ್ ಟಿಡ್ವೆಲ್‌ಗೆ ಇನ್ನೂ ಎಳೆ ವಯಸ್ಸು. ಅವನಪ್ಪ ಗಿರಣಿಯಲ್ಲಿ ನೂಲು ತೆಗೆಯುತ್ತಿದ್ದವನು. ಮಗನಿಗೆ ಆಸ್ತಿ ಅಂತ ಇದ್ದದ್ದು ಗಂಟಲೊಂದೇ. ಪರವಾನಗಿಯಿಲ್ಲದೆ ಬೋಧಿಸಿದ್ದಕ್ಕೆ ವರ್ಜೀನಿಯಾದ ಸೆರೆಮನೆ ಸೇರಿ, ಕಿಟಕಿಯ ಕಂಬಿಯ ಸಂದಿನಿಂದಲೇ ಬೋಧಿಸಿದ ಹಿಂದಿನ ಬ್ಯಾಪ್ಟಿಸ್ಟರ ಕಥೆಯನ್ನು ಅವನು ಹೇಳಿದರೆ ಮುದುಕಿಯರು ಬೀಸಣಿಗೆ ಆಡಿಸುವುದನ್ನೂ ಮರೆಯುತ್ತಿದ್ದರು.

"ನಮ್ಮ ಮೇಲೆ ರಾಜ ಇಲ್ಲ, ಬಿಷಪ್ ಇಲ್ಲ. ಸಭೆ ಕೈ ಎತ್ತಿ ಹೇಳಿದ್ದೇ ತೀರ್ಮಾನ!" ಎಂದು ಅವನು ಗುಡುಗಿದರೆ ಸಭೆಯ ಆಡಳಿತ ನೋಡಿಕೊಳ್ಳುವ ಹಿರಿಯ ಡೀಕನ್ ರಾಯ್ಸ್ ಸ್ಟೋವಾಲ್ ಎಲ್ಲರಿಗಿಂತ ಜೋರಾಗಿ "ಆಮೆನ್" ಅನ್ನುತ್ತಿದ್ದ. ಮಗಳು ನೆಡ್ರಾಳನ್ನೂ ಅವನಿಗೇ ಕೊಟ್ಟ.

೧೯೫೭ರ ಬೇಸಿಗೆಯಲ್ಲಿ ಹಾರ್ಲನ್, ಬೈಬಲ್ಲಿನ ಬೋಧಕ ಫಿಲಿಪ್ಪನಿಗೆ ಐಥಿಯೋಪ್ಯದ ಅಧಿಕಾರಿ ದಾರಿಯಲ್ಲಿ ಸಿಕ್ಕ ಪಾಠ ಹೇಳಿದ. ನೀರು ಕಂಡೊಡನೆ ಆ ಕಪ್ಪು ಮನುಷ್ಯ ರಥ ನಿಲ್ಲಿಸಿ, ನೀರಲ್ಲಿ ಮುಳುಗಿ ಕ್ರೈಸ್ತನಾಗುವ ದೀಕ್ಷಾಸ್ನಾನ ಕೇಳಿದ್ದು, ಫಿಲಿಪ್ಪ ಮರುಮಾತಿಲ್ಲದೆ ನೀರಿಗಿಳಿದದ್ದು. ಎಷ್ಟೋ ಸಲ ಹೇಳಿದ್ದ ಪಾಠವೇ.

ಸೋಮವಾರ ಲೆಮ್ಯುಯೆಲ್ ಗೇದರ್ ಬಂದು ಪಾದ್ರಿಯ ಮನೆಯ ಹಿಂಬಾಗಿಲಲ್ಲಿ ನಿಂತ. ದೇವಾಲಯ ಗುಡಿಸುವವನು. ದೀಕ್ಷಾಸ್ನಾನದ ತೊಟ್ಟಿ ತೊಳೆದು ನೀರು ತುಂಬಿಸುವವನೂ ಅವನೇ. ಕರಿಯನಾದ್ದರಿಂದ ಆರಾಧನೆಯ ಹೊತ್ತಿಗೆ ಒಳಗೆ ಕೂರುವಂತಿರಲಿಲ್ಲ.

"ಅಯ್ಯನೋರೇ, ನಿನ್ನೆ ಕಿಟಕಿ ಹತ್ರ ನಿಂತು ಕೇಳಿಸ್ಕೊಂಡೆ. ಅದು ನಿಜವೇನ್ರೀ?"

"ದೇವರ ವಾಕ್ಯ, ಲೆಮ್. ನಿಜವಲ್ದೆ?"

"ಹಂಗಾದ್ರೆ ಆ ತೊಟ್ಟೀಲಿ ನಂಗೂ ದೀಕ್ಷಾಸ್ನಾನ ಕೊಡಿ. ಇಷ್ಟು ವರ್ಷ ಎಲ್ರಿಗೂ ನೀರು ತುಂಬಿದೀನಿ."

ಹಾರ್ಲನ್ ನಕ್ಕು ಸಾಗಹಾಕಬಹುದಿತ್ತು. ಹಾಗೆ ಮಾಡದೆ "ಆಗ್ಲಿ" ಎಂದುಬಿಟ್ಟ. ಮುಂದಿನ ಭಾನುವಾರ ಪ್ರಸಂಗದ ಕೊನೆಗೆ ಅದನ್ನೇ ಸಾರಿದ.

ಬುಧವಾರದ ಪ್ರಾರ್ಥನೆ ಮುಗಿದದ್ದೇ ಸ್ಟೋವಾಲ್ ಎದ್ದು ನಿಂತ.

"ಅಳಿಯಂದ್ರೇ, ನಿಮ್ ಮೇಲೆ ನಂಗೇನೂ ಸಿಟ್ಟಿಲ್ಲ. ನೀವೇ ಕಲಿಸಿದ್ರಲ್ಲ, ಸಭೆ ಹೇಳಿದ್ದೇ ತೀರ್ಮಾನ ಅಂತ. ಕೇಳೋಣ ಬಿಡಿ. ಪಾದ್ರಿಗಳನ್ನ ಕೆಲಸದಿಂದ ಬಿಡುಗಡೆ ಮಾಡ್ಬೇಕು ಅನ್ನೋರು ಕೈ ಎತ್ತಿ."

ಹಾರ್ಲನ್‌ನ ಕಣ್ಣೆದುರೇ ಕೈಗಳು ಎದ್ದವು. ತಾನು ನೀರಲ್ಲಿ ಮುಳುಗಿಸಿ ಎತ್ತಿದವರು, ಮದುವೆ ಮಾಡಿಸಿದವರು, ಮಗುವಿನ ಶವಪೆಟ್ಟಿಗೆಯ ಪಕ್ಕದಲ್ಲಿ ತಾನು ಬೆನ್ನು ಸವರಿದವರು. ಬೇಡ ಎಂದು ಎದ್ದದ್ದು ನೆಡ್ರಾಳ ಕೈ ಮಾತ್ರ. ಅವಳಪ್ಪ ಅತ್ತ ತಿರುಗಲಿಲ್ಲ.

ಲೆಮ್ಯುಯೆಲ್‌ನ ಕೆಲಸವೂ ಹೋಯಿತು. ಹಾರ್ಲನ್ ಅವನ ಗುಡಿಸಲಿಗೆ ಹೋಗಿ, "ನಡಿ ಲೆಮ್, ಹೊಳೇಲಿ ಕೊಡ್ತೀನಿ" ಎಂದ.

"ಬ್ಯಾಡ ಅಯ್ಯನೋರೇ. ನೀವು ಗಾಡಿ ಹತ್ತಿ ಹೋಗ್ತೀರಾ. ನಾನಿಲ್ಲೇ ಬಾಳ್ಬೇಕು." ಅವನು ಬಾಗಿಲು ಮುಚ್ಚಿಕೊಂಡ.

ಹಾರ್ಲನ್‌ನನ್ನು ಬೇರೆ ಯಾವ ಸಭೆಯೂ ಕರೆಯಲಿಲ್ಲ. ಚಟ್ಟನೂಗ ಪಟ್ಟಣದ ಪಶುಆಹಾರದ ಅಂಗಡಿಯಲ್ಲಿ ಮೂಟೆ ಹೊತ್ತು, ತೂಕ ಹಾಕಿ, ಮುದುಕನಾದ. ಅಂದು ಆಡಲಾಗದ ಮಾತುಗಳನ್ನೆಲ್ಲ ಮೂಟೆಗಳ ನಡುವೆ ಒಬ್ಬನೇ ಹೇಳಿಕೊಳ್ಳುತ್ತಿದ್ದ.

ಹಾಲಿಸ್ ಫೋರ್ಡ್ ಸಭೆಯ ಶತಮಾನೋತ್ಸವಕ್ಕೆ ಕರೆ ಬಂತು. ಗಂಡಹೆಂಡಿರು ಹೋದರು. ಸ್ಟೋವಾಲ್ ಎಂದೋ ಮಣ್ಣು ಸೇರಿದ್ದ. ಅವನ ಮಗ ಕ್ಲೈಡ್ ಈಗ ಡೀಕನ್. ಬಂದವನೇ ಭಾವನನ್ನು ತಬ್ಬಿಕೊಂಡ.

"ಭಾವಾ, ನಿಮ್ಮಂಥ ಗಂಟಲು ಆಮೇಲೆ ಯಾರಿಗೂ ಬರ್ಲಿಲ್ಲ ನೋಡಿ! ನಾವಂತೂ ಮನಸಲ್ಲಿ ನಿಮ್ ಕಡೇನೇ ಇದ್ವಿ."

"ಲೆಮ್ಯುಯೆಲ್ ಏನಾದ?"

"ಯಾರು? ಓ, ಗುಡಿಸ್ತಿದ್ನಲ್ಲ, ಅವ್ನಾ? ಸತ್ತ ಅನ್ಸತ್ತೆ. ಯಾವಾಗ್ಲೋ."

ಊಟಕ್ಕೆ ಮೊದಲು ನಾಲ್ಕು ಮಾತಾಡಿ ಪ್ರಾರ್ಥಿಸಿ ಎಂದು ಹಾರ್ಲನ್‌ನನ್ನು ಎಬ್ಬಿಸಿದರು. ಮೂಟೆಗಳಿಗೆ ಹೇಳಿದ ಮಾತೆಲ್ಲ ನಾಲಿಗೆಯ ತುದಿಗೇ ಬಂದು ನಿಂತಿತ್ತು. ಎದುರಿಗೆ ಬಿಳಿತಲೆಗಳು, ಹುರಿದ ಕೋಳಿಯ ವಾಸನೆ, ನಗುಮುಖಗಳು. ಇಷ್ಟು ವರ್ಷಗಳ ಮೇಲೆ ಯಾರೋ ತನ್ನನ್ನು ಮತ್ತೆ "ಪಾಸ್ಟರ್" ಎಂದಿದ್ದರು. ಅವನು ಕಣ್ಣು ಮುಚ್ಚಿ ಊಟಕ್ಕಾಗಿ ದೇವರಿಗೆ ವಂದನೆ ಹೇಳಿ ಕುಳಿತ. ಆಮೆನ್ ಜೋರಾಗಿಯೇ ಬಂತು.

ವಾಪಸು ಬರುವಾಗ ಕಾರಿನಲ್ಲಿ ನೆಡ್ರಾ ಕೇಳಿದಳು.

"ಅಷ್ಟೇನಾರೀ ಹೇಳೋದು?"

"ಅವ್ರು ಎಷ್ಟು ಅಕ್ಕರೆಯಿಂದ ಮಾತಾಡಿಸ್ತಿದ್ರು, ನೆಡ್ರಾ."

ಅವಳು ಕಿಟಕಿಯ ಕಡೆಗೆ ಮುಖ ತಿರುಗಿಸಿದಳು. "ಅವತ್ತು ನಾನು ನಮ್ಮಪ್ಪನ ಎದುರು ಕೈ ಎತ್ತಿದ್ದು ಯಾರಿಗೋಸ್ಕರ ಅಂತ ಯೋಚಿಸ್ತಿದೀನಿ" ಎಂದಳು.